ಅಣ್ಣನ ಹೋಳಿಗೆ, ನನ್ನ ಹೊಟ್ಟೆ

ನಮ್ಮ ಮನೆಯ ಹಬ್ಬದೂಟಕ್ಕೆ ಎರಡು ಕಾನೂನು. ಬೇಡವೆಂದರೂ ಬಡಿಸಬೇಕು. ಎಲೆಗೆ ಬಿದ್ದದ್ದನ್ನು ಬಿಡಬಾರದು, ಅದು ಪ್ರಸಾದ. ಒಂದೊಂದೇ ನೋಡಿದರೆ ಎರಡೂ ಒಳ್ಳೆಯವೇ. ಎರಡೂ ಸೇರಿದರೆ ತಿನ್ನುವವರ ಗತಿ ಏನು ಎಂದು ಯಾವ ಹಿರಿಯರೂ ಯೋಚಿಸಲಿಲ್ಲ.

ಭದ್ರಾವತಿಯಲ್ಲಿರುವ ನನ್ನ ಅಣ್ಣ ಈ ಕಾನೂನಿನ ಪೊಲೀಸ್. ಕಾರ್ಖಾನೆಯಿಂದ ರಿಟೈರ್ ಆದಮೇಲೆ ಅವನ ದರ್ಪವೆಲ್ಲ ತುಪ್ಪದ ಮಿಳ್ಳೆಗೆ ಬಂದಿದೆ. ಹಬ್ಬದ ದಿನ ತಾನೇ ಬಡಿಸುತ್ತಾನೆ. ಮಾತಿಗೆಂದು ಪಕ್ಕಕ್ಕೆ ತಿರುಗಿದರೆ ಸಾಕು, ಎಲೆಯ ಮೇಲೆ ಇನ್ನೊಂದು ಹೋಳಿಗೆ ಬಿದ್ದಿರುತ್ತದೆ.

ಹೋದ ದೀಪಾವಳಿಗೆ ಬಿದ್ದದ್ದನ್ನೆಲ್ಲ ತಿಂದೆ. ಶಿವಮೊಗ್ಗಕ್ಕೆ ಮರಳುವಾಗ ಬಸ್ಸಿನಲ್ಲೇ ಎದೆಯುರಿ, ಸವಳಂಗ ರಸ್ತೆಯ ಮನೆ ಸೇರುವ ಹೊತ್ತಿಗೆ ವಾಂತಿ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. “ಹೊಟ್ಟೇಲಿ ಹುಣ್ಣಾಗಿದೆ. ಹಬ್ಬ ಅಂತ ಅದೇನು ರಜಾ ಕೊಡಲ್ಲ, ಸ್ವಲ್ಪ ತಿನ್ನಿ, ನಿಧಾನ ತಿನ್ನಿ,” ಎಂದರು ಡಾಕ್ಟರಮ್ಮ. ಅಣ್ಣ ನೋಡಲು ಬಂದ, ಕೈಯಲ್ಲಿ ಹೋಳಿಗೆ ಡಬ್ಬಿ ಹಿಡಿದುಕೊಂಡು!

ಅಪ್ಪ, ಅಮ್ಮ ಹೋದಮೇಲೆ ನನಗೆ ತವರೆಂದರೆ ಅವನೊಬ್ಬನೇ. ತವರನ್ನೂ ಬಿಡುವುದಿಲ್ಲ, ಹೊಟ್ಟೆಯನ್ನೂ ಬಿಟ್ಟುಕೊಡುವುದಿಲ್ಲ ಎಂದು ಅಂದೇ ಹಟ ತೊಟ್ಟೆ.

ಈ ಯುಗಾದಿಗೆ ಹೋದೆ. ಕೋಸಂಬರಿ, ಪಲ್ಯ, ಸ್ವಲ್ಪ ಅನ್ನ ಸಾರು, ಒಂದು ಹೋಳಿಗೆ. ಚೂರು ಚೂರೇ ಮುರಿದು, ಅಗಿದು ತಿಂದೆ. ಅತ್ತಿಗೆ ಹೂರಣಕ್ಕೆ ಏಲಕ್ಕಿಯ ಜೊತೆ ಜಾಯಿಕಾಯಿಯನ್ನೂ ಹಾಕುತ್ತಾರೆಂದು ನನಗೆ ಗೊತ್ತಾದದ್ದೇ ಅವತ್ತು. ಅಷ್ಟರಲ್ಲಿ ಅಣ್ಣ ಎರಡನೆಯದನ್ನು ಹಿಡಿದು ಬಗ್ಗಿದ. ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದುಬಿಟ್ಟೆ.

“ಬಿಡು ಮಾರಾಯ್ತಿ, ಹಬ್ಬದ ದಿನ ಒಂದಕ್ಕೇ ಏಳಬಾರದು.”

“ಹಾಕಿದ್ರೆ ಎಲೆಯಲ್ಲೇ ಬಿಟ್ಟು ಏಳ್ತೀನಿ.”

ಅತ್ತಿಗೆ ಸೌಟು ಹಿಡಿದು ನಿಂತಲ್ಲೇ ನಿಂತರು. ಪ್ರಸಾದ ಬಿಡುತ್ತೇನೆ ಎನ್ನುವುದು ನಮ್ಮಲ್ಲಿ ಬೈಗುಳಕ್ಕಿಂತ ಕಡೆ. ಅಣ್ಣನ ಮುಖ ಕೆಂಪೇರಿತು.

“ಇಷ್ಟು ತಿನ್ನೋಕೆ ಅಲ್ಲಿಂದ ಯಾಕೆ ಬಂದೆ?”

ನನಗೂ ಸಿಟ್ಟು ನೆತ್ತಿಗೇರಿತು. “ಹೋಳಿಗೆ ನಮ್ಮೂರಲ್ಲೂ ಸಿಗುತ್ತೆ. ನಾನು ಬಂದಿದ್ದು ನಿನ್ನ ನೋಡೋಕೆ. ಹೊಟ್ಟೆ ಬಿರಿಯ ತಿಂದ್ರೆ ಮಾತ್ರ ತಂಗಿ ಅನ್ನೋದಾದ್ರೆ ಹೇಳಿಬಿಡು, ಈಗಲೇ ಹೊರಡ್ತೀನಿ.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೊದಲರ್ಧವನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಇನ್ನರ್ಧ ನನಗೆ ಬೇಕಾಗಿಯೂ ಇಲ್ಲ.

ಅಣ್ಣ ಹೋಳಿಗೆಯನ್ನು ಬಡಿಸುವ ತಟ್ಟೆಗೇ ಮರಳಿ ಹಾಕಿ ಒಳಗೆ ಹೋದ. ಇನ್ನು ಈಚೆ ಬರುವುದಿಲ್ಲ ಅಂದುಕೊಂಡೆ. ಹೆದರಿಕೆಯಾಯಿತು, ನಿಜ. ಆದರೂ ಅವನನ್ನು ಕೂಗಿ ಕರೆಯಲಿಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಮಜ್ಜಿಗೆ ಚೊಂಬು ಹಿಡಿದು ಬಂದ. ನನ್ನ ಲೋಟದ ಮೇಲೆ ಬಗ್ಗಿಸಿದವನು ಸುರಿಯದೆ ತಡೆದ.

“ಎಷ್ಟು ಹಾಕ್ಲಿ?”

“ಅರ್ಧ,” ಎಂದೆ. ಅರ್ಧವೇ ಹಾಕಿದ.

ನನಗೆ ಅರವತ್ತು ದಾಟಿದೆ. ನಾನು ಹುಟ್ಟಿದ ಮನೆಯಲ್ಲಿ ಯಾರಾದರೂ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.