ಕ್ಷಮಿಸಿದ ಮೇಲೂ ಹೇಳಬೇಕಾದ ಸಾಕ್ಷಿ

ಅಪ್ಪ ತೀರಿಕೊಂಡ ವರ್ಷ ನಾನು ಜಯನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಒಳಗಿನ ರೂಮಿನ ಬಾಗಿಲಲ್ಲಿ ಮಂಚ ತೂರಲಿಲ್ಲ ಅಂತ ನಡುಮನೆಯಲ್ಲೇ ಹಾಕಿದ್ದರು. ಹೀಗಾಗಿ ಮನೆಗೆ ಯಾರು ಬಂದರೂ ಮೊದಲು ಸಿಗುತ್ತಿದ್ದವಳು ನಾನು. ಎದ್ದು ಒಳಗೆ ಹೋಗುವಂತಿರಲಿಲ್ಲ. ಬಂದವರೆಲ್ಲ ನಮ್ಮ ಚರ್ಚಿನವರು. ಕುರ್ಚಿ ಎಳೆದುಕೊಂಡು ಕೂತು, ಪ್ರಾರ್ಥನೆ ಮಾಡಿ, ಕಾಫಿ ಕುಡಿದು, ಕೊನೆಗೆ ಅದೇ ಮಾತಿಗೆ ಬರುತ್ತಿದ್ದರು: ಕ್ಷಮಿಸಿಬಿಡು.

ಆಗಿದ್ದು ಇಷ್ಟು. ತಲಘಟ್ಟಪುರದ ಒಂದು ಮನೆಯಲ್ಲಿ ಭಾನುವಾರ ಸಂಜೆ ಪ್ರಾರ್ಥನಾ ಕೂಟವಿತ್ತು. ಮುಗಿಸಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕೂತು ವಾಪಸ್ ಬರುತ್ತಿದ್ದೆ. ಕನಕಪುರ ರೋಡು ಆಗ ಇಷ್ಟು ಅಗಲ ಇರಲಿಲ್ಲ. ಅಪ್ಪ ಯಾವಾಗಲೂ ಎಡಕ್ಕೆ ಅಂಟಿಕೊಂಡೇ ಓಡಿಸೋರು. ಹಿಂದೆ ವ್ಯಾನಿನ ಸದ್ದು ಕೇಳಿ ತಿರುಗಿದೆ. ನಮ್ಮ ಚರ್ಚಿನ ಹಾಡುವ ತಂಡ, ಕ್ವಾಯರ್, ನಡೆಸುತ್ತಿದ್ದವರ ವ್ಯಾನು. ಗುರುತು ಸಿಕ್ಕಿದ್ದಕ್ಕೆ ನಕ್ಕೆ, ಕೈಯೂ ಎತ್ತಿದೆ. ಅವರು ನೋಡಲಿಲ್ಲ. ತಲೆ ಬಗ್ಗಿಸಿ ಸ್ಟೀರಿಂಗ್ ಪಕ್ಕದಲ್ಲಿ ಕ್ಯಾಸೆಟ್ ತುರುಕುತ್ತಿದ್ದರು. ಆಮೇಲೆ ನನಗೆ ನೆನಪಿರುವುದು ಆಸ್ಪತ್ರೆಯ ವಾಸನೆ ಮಾತ್ರ.

ಪೊಲೀಸರ ಮುಂದೆ ಅವರು, ಸ್ಕೂಟರು ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿತು, ಸಿಗ್ನಲ್ ಕೊಡಲಿಲ್ಲ ಅಂದರು. ಚರ್ಚಿನಲ್ಲಿ ಎಲ್ಲರೂ ನಂಬಿದರು. ಅಪ್ಪನಿಗೆ ವಯಸ್ಸಾಗಿತ್ತು ನೋಡಿ, ಅಂದರು. ಸತ್ತವರು ಎದ್ದು ಬಂದು ಇಲ್ಲ ಅನ್ನುವ ಹಾಗಿರಲಿಲ್ಲ. ನೋಡಿದವಳು ನಾನೊಬ್ಬಳೇ.

ವ್ಯಾನು ಓಡಿಸಿದವರ ಹೆಂಡತಿ ದಿನಾ ಬರೋಳು. ಡಬ್ಬಿಯಲ್ಲಿ ಸಾರು, ಪಲ್ಯ ತಂದಿಟ್ಟು, ನನ್ನ ಹಿಂದೆ ಮಂಚದ ಮೇಲೆ ಕೂತು ತಲೆ ಬಾಚೋಳು. ಕೈಗೂ ಪೆಟ್ಟಾಗಿದ್ದರಿಂದ ನನಗೆ ಜಡೆ ಹಾಕಿಕೊಳ್ಳೋಕೆ ಆಗುತ್ತಿರಲಿಲ್ಲ. ಸಿಕ್ಕು ಬಿಡಿಸುತ್ತಾ ಬಿಡಿಸುತ್ತಾ ಅವಳು ಅಳುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ, ಅವಳ ಬೆರಳಿನಲ್ಲಿ ಗೊತ್ತಾಗುತ್ತಿತ್ತು.

"ಅವರು ಜೈಲಿಗೆ ಹೋದ್ರೆ ನಾನೇನು ಮಾಡ್ಲಿ ಹೇಳು," ಅಂದಳು ಒಂದು ದಿನ.

ನನ್ನ ಕೂದಲು ಅವಳ ಮುಷ್ಟಿಯಲ್ಲಿತ್ತು. ತಲೆ ಆಡಿಸೋಕೂ ಆಗಲಿಲ್ಲ. ಅವಳು ಹೋದ ಮೇಲೆ ಅಮ್ಮನ ಮೇಲೆ ರೇಗಿದೆ. "ಯಾಕಮ್ಮ ಅವಳನ್ನ ಒಳಗೆ ಬಿಡ್ತೀಯ?"

"ಅವಳೇನು ಮಾಡಿದ್ಲು?" ಅಂತ ಅಮ್ಮ ಡಬ್ಬಿ ತೊಳೆಯೋಕೆ ಹೋದರು.

ಕೆಳಗಿನ ಮನೆಯ ಓನರ್ ಆಂಟಿ, "ಅವನ ಕರ್ಮ ಅವನು ಅನುಭವಿಸ್ತಾನೆ, ನೀನು ತಲೆ ಕೆಡಿಸ್ಕೋಬೇಡ" ಅನ್ನುತ್ತಿದ್ದರು. ಅವರ ನಂಬಿಕೆ ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ದೇವರು ನ್ಯಾಯಾಧಿಪತಿ ಅಂತಲೂ ಕಲಿಸಿದ್ದರು, ಪಾಪಿಯನ್ನು ಎದೆಗೆ ಅಪ್ಪಿಕೊಳ್ಳುವ ತಂದೆ ಅಂತಲೂ ಕಲಿಸಿದ್ದರು. ಅಪ್ಪ ಇರುವವರೆಗೂ ಎರಡೂ ಜೊತೆಯಲ್ಲೇ ಇದ್ದವು. ಈಗ ಒಬ್ಬನನ್ನು ಕರೆದರೆ ಇನ್ನೊಬ್ಬನಿಗೆ ದ್ರೋಹ ಮಾಡಿದ ಹಾಗೆ. ನ್ಯಾಯ ಕೊಡು ಅಂದರೆ ಆ ಹೆಂಗಸಿನ ಬೆರಳು ನೆತ್ತಿಯ ಮೇಲೆ ನಡುಗುತ್ತಿತ್ತು. ಕ್ಷಮಿಸುತ್ತೀನಿ ಅಂದರೆ ಅಪ್ಪನೇ ತಪ್ಪಿತಸ್ಥರಾಗಿ ಸಮಾಧಿಯಲ್ಲಿ ಉಳಿದುಬಿಡುತ್ತಿದ್ದರು. ಪ್ರಾರ್ಥನೆ ಮಾಡೋದನ್ನೇ ಬಿಟ್ಟೆ.

ಪ್ಲಾಸ್ಟರ್ ತೆಗೆದು ಎಷ್ಟೋ ಕಾಲವಾದ ಮೇಲೆ ಕೋರ್ಟಿಂದ ಸಮನ್ಸ್ ಬಂತು. ಸುದ್ದಿ ಹೇಗೋ ತಿಳಿದು ಪಾಸ್ಟರ್ ಮನೆಗೆ ಬಂದರು. ಕೆಟ್ಟವರಲ್ಲ. ಅಪ್ಪನ ಮಣ್ಣಿನ ದಿನ ನಿಜವಾಗಿಯೂ ಅತ್ತಿದ್ದರು.

"ನೀನು ಸುಳ್ಳು ಹೇಳು ಅಂತಿಲ್ಲ ಮಗಳೇ," ಅಂದರು. "ನೆನಪಿಲ್ಲ ಅಂದ್ರೆ ಸಾಕು. ನಿಂಗೂ ಪೆಟ್ಟಾಗಿತ್ತು, ಯಾರೂ ಪ್ರಶ್ನೆ ಮಾಡಲ್ಲ. ಒಂದು ಸಂಸಾರ ಉಳಿಯುತ್ತೆ. ದೇವರು ನಮ್ಮನ್ನ ಕ್ಷಮಿಸಿಲ್ವಾ?"

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಪಾಸ್ಟರ್ ಎದುರು ಅವರು ಮಾತಾಡಿದ್ದನ್ನೇ ನಾನು ನೋಡಿರಲಿಲ್ಲ.

"ಕ್ಷಮಿಸಿದ್ದಾರೆ ಅಯ್ಯನವರೇ," ಅಂದರು. "ಆದ್ರೆ ಪಾಪ ನಡೆದೇ ಇಲ್ಲ ಅಂತ ಹೇಳಿ ಕ್ಷಮಿಸ್ಲಿಲ್ಲ. ಹಂಗೆ ಹೇಳೋದಾಗಿದ್ರೆ ಮಗನ್ನ ಯಾಕೆ ಶಿಲುಬೆಗೆ ಕಳಿಸ್ಬೇಕಿತ್ತು? ಸುಮ್ಮನೆ ನೆನಪಿಲ್ಲ ಅಂದಿದ್ರೆ ಆಗ್ತಿತ್ತು."

ಪಾಸ್ಟರ್ ಬೈಬಲ್ ಎತ್ತಿಕೊಂಡು, ಕಾಫಿ ಮುಟ್ಟದೆ ಎದ್ದುಹೋದರು. ನಾನು ಅಮ್ಮನನ್ನು ಕೇಳಿದೆ, "ಹಾಗಾದ್ರೆ ನೀನು ಅವರನ್ನ ಕ್ಷಮಿಸಿಲ್ವಾ?"

"ಕ್ಷಮಿಸಿದ್ದೀನಿ. ಪ್ರತಿ ದಿನ ಬೆಳಗ್ಗೆ ಎದ್ದು ಕ್ಷಮಿಸ್ತೀನಿ. ಸಾಯಂಕಾಲ ಆಗೋ ಹೊತ್ತಿಗೆ ಹೋಗ್ಬಿಡುತ್ತೆ. ಅದು ನನ್ನ ಕಷ್ಟ. ನೀನು ಹೋಗಿ ಕಂಡಿದ್ದು ಹೇಳು."

ಹೇಳಿದೆ. ಕಟಕಟೆಯ ಮರದ ಕಂಬಿ ಹಿಡಿದು, ಸ್ಕೂಟರು ತಿರುಗಲಿಲ್ಲ, ಅವರು ರಸ್ತೆ ನೋಡುತ್ತಿರಲಿಲ್ಲ, ಅಂದೆ. ಅವರ ಲಾಯರು, "ನಿಮಗೆ ಇವರ ಮೇಲೆ ದ್ವೇಷ, ಅದಕ್ಕೇ ಹೀಗೆ ಹೇಳ್ತಿದ್ದೀರಿ ಅಲ್ವಾ?" ಅಂದರು.

"ದ್ವೇಷ ಇದೆ ಸಾರ್. ಆದ್ರೂ ನಾನು ಕಂಡಿದ್ದು ಅದೇ."

ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿಜ ಹೇಳಿದರೆ ಎದೆ ಹಗುರಾಗುತ್ತೆ ಅಂತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಶಿಕ್ಷೆಯಾಯಿತು, ಅವರು ಜೈಲಿಗೆ ಹೋದರು. ಚರ್ಚಿನಲ್ಲಿ ನಮ್ಮ ಬೆಂಚಿಗೆ ಬಂದು ಕೂರುವವರು ಕಮ್ಮಿಯಾದರು. ಅಮ್ಮ ಮಾತ್ರ ಆ ಹೆಂಗಸಿನ ಜೊತೆ ಬಸ್ಸು ಹತ್ತಿ ಜೈಲಿಗೆ ಹೋಗಿ ಅವರನ್ನು ನೋಡಿಕೊಂಡು ಬರುತ್ತಿದ್ದರು. ಬಾ ಅಂತ ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಕರೆದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಿಡುಗಡೆಯಾದ ಮೇಲೆ ಒಂದು ಭಾನುವಾರ ಅವರು ಆರಾಧನೆಗೆ ಬಂದರು. ತೆಳ್ಳಗಾಗಿದ್ದರು. ಸಭೆಯ ಮುಂದೆ ತಮ್ಮ ಬದುಕಿನ ಸಾಕ್ಷಿ ಹೇಳುವವರು ಹೇಳಬಹುದು ಅಂತ ಪಾಸ್ಟರ್ ಕರೆದಾಗ ಎದ್ದು ಮುಂದೆ ಹೋದರು. ಹಾಡುವ ಗಂಟಲು ಅವರದು, ಆವತ್ತು ಮೊದಲ ಸಾಲಿಗೂ ಸರಿಯಾಗಿ ಕೇಳಿಸಲಿಲ್ಲ.

"ಅವರು ಸರಿಯಾಗಿ ಹೋಗ್ತಿದ್ರು. ನಾನು ಕ್ಯಾಸೆಟ್ ಹಾಕ್ತಿದ್ದೆ. ಪೊಲೀಸರಿಗೂ ನಿಮಗೂ ಸುಳ್ಳು ಹೇಳಿದೆ. ಕ್ಷಮಿಸಿ ಅಂತ ಕೇಳೋ ಯೋಗ್ಯತೆ ನನಗಿಲ್ಲ."

ಇಷ್ಟು ವರ್ಷ ನನಗೆ ಬೇಕಿದ್ದದ್ದು ಅದೇ. ಎಲ್ಲರ ಎದುರು ಅಪ್ಪ ನಿರ್ದೋಷಿಯಾದರು. ಆದರೆ ನನಗೆ ಸಮಾಧಾನವಾಗಲಿಲ್ಲ. ಅವರು ಸುಳ್ಳು ಹೇಳುತ್ತಿರುವವರೆಗೆ ಕ್ಷಮಿಸದೆ ಇರೋಕೆ ನನಗೊಂದು ಕಾರಣವಿತ್ತು. ಶಿಕ್ಷೆ ಅನುಭವಿಸಿ, ತಪ್ಪೊಪ್ಪಿಕೊಂಡು, ಅದನ್ನೂ ಕಿತ್ತುಕೊಂಡುಬಿಟ್ಟರು. ನ್ಯಾಯ ಸಿಕ್ಕಿದ ಮೇಲೆ ಬಿಡುಗಡೆ ಅಂದುಕೊಂಡಿದ್ದೆ. ಅದರ ಆಚೆ ಇನ್ನೊಂದು ಬಾಗಿಲಿತ್ತು, ಅದನ್ನು ನಾನೇ ತೆಗೆಯಬೇಕಿತ್ತು.

ಆವತ್ತು ಕರ್ತನ ಭೋಜನವಿತ್ತು, ತಿಂಗಳಿಗೊಮ್ಮೆ ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಅಮ್ಮ ಎದ್ದು ಹೋಗಿ ಅವರ ಪಕ್ಕದಲ್ಲೇ ಮೊಣಕಾಲೂರಿದರು. ಒಂದೇ ಬಟ್ಟಲು ಅವರ ತುಟಿಯಿಂದ ಅಮ್ಮನ ತುಟಿಗೆ ಬಂತು. ನಾನು ಬೆಂಚು ಬಿಟ್ಟು ಏಳಲಿಲ್ಲ. ಮುಂದಿನ ತಿಂಗಳೂ ಏಳಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಕೊನೆಗೆ ಒಂದು ದಿನ, ಏನೂ ತೀರ್ಮಾನ ಮಾಡದೆ, ಅಮ್ಮನ ಹಿಂದೆ ಹೋದೆ. ವ್ಯಾನಿನವರು ನನ್ನಿಂದ ಮೂರ್ನಾಲ್ಕು ಜನರ ಆಚೆ ಇದ್ದರು. ಪಾಸ್ಟರ್ ಬಟ್ಟಲಿನ ಅಂಚು ಒರೆಸಿ ನನ್ನ ಮುಂದೆ ಹಿಡಿದರು, ಕುಡಿದೆ. ಕೋಪ ಹೋಗಿರಲಿಲ್ಲ. ಕೋಪವನ್ನು ಇಟ್ಟುಕೊಂಡೇ ಅಲ್ಲಿ ಮಂಡಿಯೂರಬಹುದು ಅನ್ನುವುದು ಮಾತ್ರ ಹೊಸದಾಗಿತ್ತು.

ಅವರು ಮತ್ತೆ ಯಾವತ್ತೂ ಗಾಡಿ ಓಡಿಸಲಿಲ್ಲ. ಕೆಲವು ವರ್ಷಗಳಾದ ಮೇಲೆ ಅರೆಕೆರೆ ಕಡೆ ಮನೆ ಮಾಡಿದರು. ಅಲ್ಲಿಂದಲೂ ಭಾನುವಾರ ಬಸ್ಸಿನಲ್ಲಿ ನಮ್ಮ ಚರ್ಚಿಗೇ ಬರುತ್ತಿದ್ದರು. ಎದುರು ಸಿಕ್ಕಾಗ ನಾವು ನಮಸ್ಕಾರದ ಬದಲು ಸ್ತೋತ್ರ ಹೇಳುತ್ತಿದ್ದೆವು, ಅದಕ್ಕಿಂತ ಹೆಚ್ಚು ಮಾತು ಬೆಳೆಯಲಿಲ್ಲ. ಕರ್ತನ ಭೋಜನಕ್ಕೆ ಕೆಲವು ತಿಂಗಳು ನಾನು ಎದ್ದು ಮುಂದೆ ಹೋಗುತ್ತಿದ್ದೆ. ಕೆಲವು ತಿಂಗಳು ಆಗುತ್ತಿರಲಿಲ್ಲ.