ಗುಹೆಯ ನೀರಿಗೆ ಅರಸಿನ

ನಾರಾವಿ ಕಡೆಯ ಒಂದು ಗುಡ್ಡದ ಬುಡದಲ್ಲಿ ನೀರು ತುಂಬಿದ ಗುಹೆ ಉಂಟು. ತೊಂಬತ್ತರ ದಶಕದ ಕೊನೆಗೆ ಆ ಗುಡ್ಡಕ್ಕೆ ಕೆಂಪುಕಲ್ಲು ಕಡಿಯುವ ಮೆಷಿನು ಬರುವುದಿತ್ತು. ಸುದ್ದಿ ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು. ಮೂಡುಬಿದಿರೆಯಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಆಗ ಯಾರೊಂದಿಗೂ ಜಗಳಕ್ಕೆ ಸಿದ್ಧ. ಗುಡ್ಡದ ಯಜಮಾನರು ಜೈನರು. ಅವರ ಜಗಲಿಯಲ್ಲಿ ನಿಂತು, ಗುಹೆ ಹಾಳಾದರೆ ಕೆಳಗೆ ಹರಿಯುವ ತೋಡು ಬತ್ತುತ್ತದೆ, ಎರಡೂ ಒಂದೇ ನೀರು ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ.

"ಕಣ್ಣಿಗೆ ತೋರಿಸಿ ಮಾಸ್ಟ್ರೆ. ತೋರಿಸಿದರೆ ಗುಡ್ಡ ಕೊಡುವುದಿಲ್ಲ" ಎಂದರು.

ಪಾಣೆಮಂಗಳೂರಿನ ನನ್ನ ಬ್ಯಾರಿ ಗೆಳೆಯ ಗಲ್ಫಿನಲ್ಲಿ ನೀರಿಗಿಳಿದು ಹಡಗುಗಳ ಅಡಿ ಉಜ್ಜುವವನು. ರಜೆಯಲ್ಲಿ ಬಂದಿದ್ದ. ನಾನು ಹೇಳಿ ಮುಗಿಸುವ ಮೊದಲೇ ಉಳಿದ ರಜೆಯೆಲ್ಲ ಇದಕ್ಕೇ ಎಂದ. ಮಂಗಳೂರು ಬಂದರಿನ ಪರಿಚಯದವರಿಂದ ಗಾಳಿಯ ಸಿಲಿಂಡರ್ ತಂದ.

ಭಾನುವಾರ ಬೆಳಿಗ್ಗೆ ಅವನ ಸೊಂಟಕ್ಕೆ ಹಗ್ಗ ಬಿಗಿದು, ಟಾರ್ಚನ್ನೂ ಅರಸಿನ ಪುಡಿಯ ಚೀಲವನ್ನೂ ಕೊಟ್ಟು ಇಳಿಸಿದೆ. ಹಗ್ಗ ಕೈಯಿಂದ ಸರ್ರನೆ ಜಾರುವಾಗ ಆದ ಖುಷಿ ಹೇಳಲಾರೆ. ಯಾರೂ ಕಾಣದ ಕಡೆಗೆ ನಾನೇ ಹೋಗುತ್ತಿದ್ದ ಹಾಗಿತ್ತು. ಅಷ್ಟರಲ್ಲಿ ಅವನು ಎರಡು ಸಲ ಜಗ್ಗಿದ. ನಮ್ಮ ಬಾವಿ ತೋಡುವವರಲ್ಲಿ ಎರಡು ಎಂದರೆ ಮೇಲಕ್ಕೆ ಎಳೆ ಎಂದರ್ಥ. ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಹಿಂದುಮುಂದಾಗಿ ಹೊರಬಂದವನು ಬಾಯಿಯ ನಳಿಗೆ ಕಿತ್ತು ಚೆನ್ನಾಗಿ ಬೈದ.

"ನಮ್ಮ ಕೆಲಸದಲ್ಲಿ ಎರಡು ಅಂದರೆ ಹಗ್ಗ ಬಿಡು ಅಂತ ಮಾರಾಯ. ಒಳಗೆ ದೊಡ್ಡ ಕೋಣೆಯೇ ಉಂಟು."

ಕೋಣೆ ಎಂದ ಮೇಲೆ ಬೈಗಳು ಯಾರಿಗೆ ಬೇಕು? ಕುಣಿಯುವುದೊಂದು ಬಾಕಿ. ಇನ್ನು ಮುಂದೆ ಬಾವಿಯವರ ಲೆಕ್ಕವೇ ಎಂದು ಒಪ್ಪಿಕೊಂಡು ಅವನು ಮತ್ತೆ ಇಳಿದ. ಆ ಕೋಣೆಯಲ್ಲಿ ನೀರು ಒಂದು ಬಿರುಕಿನೊಳಗೆ ಹರಿದು ಹೋಗುತ್ತಿತ್ತಂತೆ. ಅಲ್ಲೇ ಚೀಲ ಬಿಚ್ಚಿ ಬಂದ.

ತೋಡಿನ ನೀರು ಹಳದಿಯಾಗುವುದನ್ನು ನೋಡಲು ಯಜಮಾನರೊಂದಿಗೆ ದಂಡೆಯಲ್ಲಿ ಕಾದು ಕುಳಿತೆವು. ಮಧ್ಯಾಹ್ನ ಕಳೆಯಿತು, ಮೂರು ಗಂಟೆಯೂ ಆಯಿತು. ಹಳದಿಯ ಸುಳಿವಿಲ್ಲ. ಯಜಮಾನರು ಎದ್ದು ಪಂಚೆ ಕೊಡವಿದರು. ನಾನು ತೋಡಿಗಿಳಿದು ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದೆ.

ಆಗ ಗುಡ್ಡದ ಇನ್ನೊಂದು ಬದಿಯ ಮನೆಯಿಂದ ಯಜಮಾನರ ಹೆಂಡತಿ ಗುಡ್ಡ ಸುತ್ತಿಕೊಂಡು ಬಂದರು. ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಅದೇ ಬಟ್ಟೆ ಕೈಯಲ್ಲಿತ್ತು, ಅದರ ನಡುವೆ ಹಳದಿ ಕಲೆ.

"ನಮ್ಮ ಬಾವಿಗೆ ಅರಸಿನ ಹಾಕಿದ್ದು ಯಾರು?" ಎಂದು ಕೇಳಿದರು.

ಕೊಡದ ನೀರಿನಲ್ಲಿ ಕಾಣದ ಬಣ್ಣ ಬಟ್ಟೆಯಲ್ಲಿ ನಿಂತಿತ್ತು. ಗೆಳೆಯ ನನ್ನನ್ನು ಎತ್ತಿಯೇ ಬಿಟ್ಟ. ಯಜಮಾನರು ಬಟ್ಟೆಯನ್ನು ಮೂಸಿ ನೋಡಿ, ಮಡಚಿ ಹೆಗಲಿಗೆ ಹಾಕಿಕೊಂಡರು.

"ನೀವು ಹೇಳಿದ ತೋಡಿನ ಮಾತು ತಪ್ಪಾಯ್ತು ಮಾಸ್ಟ್ರೆ, ಗುಹೆಯ ನೀರು ಬರುವುದು ನಮ್ಮ ಬಾವಿಗೇ. ಮೆಷಿನಿನವರಿಗೆ ಬರುವುದು ಬೇಡ ಅಂತ ನಾನೇ ಹೇಳ್ತೇನೆ."

ಆಮೇಲೆ ತಮ್ಮ ಗುಡ್ಡದೊಳಗಿನ ಆ ಕೋಣೆ ಎಷ್ಟು ದೊಡ್ಡದೆಂದು ಗೆಳೆಯನನ್ನು ಕೇಳುತ್ತ ಅಲ್ಲೇ ಮತ್ತೆ ಕುಳಿತರು.