ಕಾಲಲ್ಲಿ ಒತ್ತುವ ಸ್ವಿಚ್ಚು

ಇವತ್ತು ಬೆಳಿಗ್ಗೆ ಅಟ್ಟದ ಮೇಲಿಂದ ಕೆಂಪು ವ್ಯಾಕ್ಯೂಮ್ ಕ್ಲೀನರನ್ನು ಕೆಳಗಿಳಿಸಿದೆ. ಸುತ್ತಿದ್ದ ಹಳೆಯ ಪಂಚೆ ಬಿಚ್ಚಿದರೆ ಯಂತ್ರ ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು. ಧೂಳು ಹೀರುವ ಯಂತ್ರದ ಮೇಲೆ ಧೂಳು ಕೂರದಿರಲಿ ಎಂದು ಪಂಚೆ ಹೊದಿಸಿಟ್ಟ ಮನೆ ನಂಜನಗೂಡಿನಲ್ಲಿ ನಮ್ಮದೊಂದೇ ಇರಬೇಕು. ದಿನವೂ ಓಡುತ್ತಿದ್ದ ಇನ್ನೊಂದು ಯಂತ್ರ ನಿನ್ನೆ ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತ್ತು, ಹಾಗಾಗಿ ಇದರ ಸರದಿ ಬಂದಿತ್ತು. ವೈರು ಎಳೆದು ಸಿಕ್ಕಿಸಿದೆ. ಆನ್ ಮಾಡಲು ಬಲಗಾಲು ಎತ್ತಿದೆ. ಇದರ ಸ್ವಿಚ್ಚು ಇರುವುದು ಬೆನ್ನಿನ ಮೇಲೆ. ಬೆರಳಿಗಲ್ಲ, ಪಾದಕ್ಕೆಂದೇ ಮಾಡಿದ ಅಗಲವಾದ ಸ್ವಿಚ್ಚು. ಅದರ ಮೇಲೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ ಇನ್ನೂ ಮಸುಕಾಗಿ ಉಳಿದಿತ್ತು. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಆ ಗಳಿಗೆಯಲ್ಲಿ ನೀವು ನಮ್ಮ ಹಜಾರಕ್ಕೆ ಬಂದಿದ್ದರೆ, ಕಪಿಲೆ ದಡದ ಕೊಕ್ಕರೆಯೊಂದು ಲುಂಗಿ ಉಟ್ಟು ನಿಂತಿದೆ ಅಂದುಕೊಳ್ಳುತ್ತಿದ್ದಿರಿ.

ಆ ವಿಭೂತಿ ಎಳೆದ ಮಹಾನುಭಾವ ನಾನೇ. ಆದರೆ ಅದನ್ನು ಹೇಳಬೇಕಾದರೆ ಪುಟ್ಟತ್ತೆಯಿಂದ ಶುರುಮಾಡಬೇಕು.

ಪುಟ್ಟತ್ತೆ ನಮ್ಮಪ್ಪನ ತಂಗಿ. ಟಿ. ನರಸೀಪುರದಲ್ಲಿ ಅಕ್ಕಿ ಗಿರಣಿಯ ಮಗ್ಗುಲಲ್ಲೇ ಅವರ ಮನೆ. ಕಾಲೇಜು ಓದುವಾಗ ನಾನು ಅಲ್ಲೇ ಉಂಡು ಮಲಗಿ ಬೆಳೆದವನು. ಗಿರಣಿ ಓಡುವಷ್ಟು ಹೊತ್ತೂ ತೌಡಿನ ಧೂಳು ಹೆಂಚಿನ ಸಂದಿಯಿಂದ ಇಳಿಯುತ್ತಿತ್ತು. ಅದು ಇಳಿಯುವಷ್ಟು ಹೊತ್ತೂ ಅತ್ತೆ ಗುಡಿಸುತ್ತಿದ್ದರು. ಇದು ಬರೀ ಕೆಲಸವಲ್ಲ, ಅವರ ಸ್ವಭಾವ. ಯಾರ ಮನೆಗೆ ಹೋದರೂ ಒಂದು ಲೋಟ ನೀರು ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಪರಕೆ ಎಲ್ಲವ್ವ ಮಡ್ಗಿದ್ದೀರಿ?" ಎಂದು ಕೇಳುವರು. ಒಂದು ಸಲ ಹಜಾರ ಗುಡಿಸಿದರೆ ಅವರು ಆ ಮನೆಯವರು, ಗುಡಿಸುವ ತನಕ ನೆಂಟರು. ಒಮ್ಮೆ ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆ. ಹೊರಗೋಡೆಯ ಕೆತ್ತನೆಯನ್ನೆಲ್ಲ ಸುತ್ತಿ ಸುತ್ತಿ ನೋಡಿ, "ಇಷ್ಟೊಂದು ಮೂಲೆ ಮಡ್ಗವ್ರಲ್ಲ, ಇದ ಗುಡಿಸೋರು ಯಾರ್ಲಾ ಮಗ?" ಅಂದರು. ಆ ಶಿಲ್ಪಿಗಳ ಬಗ್ಗೆ ಇಷ್ಟು ಕಾಳಜಿಯ ಟೀಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪೊರಕೆಗೆ ಅವರ ಮನೆಯಲ್ಲಿ ಮರ್ಯಾದೆಯೂ ಅಷ್ಟೇ. ದೀಪ ಹಚ್ಚಿದ ಮೇಲೆ ಅದನ್ನು ಮುಟ್ಟುವಂತಿಲ್ಲ. ಅಪ್ಪಿತಪ್ಪಿ ಕಾಲು ತಗುಲಿದರೆ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು; ಅದು ಲಕ್ಷ್ಮಿ. ನಾನು ಒತ್ತಿಕೊಂಡು ಒತ್ತಿಕೊಂಡೇ ಡಿಗ್ರಿ ಮುಗಿಸಿದೆ.

ವಯಸ್ಸಾದ ಮೇಲೆ ಅತ್ತೆಗೆ ಉಬ್ಬಸ ಹಿಡಿಯಿತು. ಡಾಕ್ಟರು ಎರಡು ಮಾತು ಹೇಳಿದರು: ಗಿರಣಿ ಮಗ್ಗುಲು ಬಿಡಬೇಕು, ಪೊರಕೆ ಮುಟ್ಟಬಾರದು. ಮೊದಲನೆಯದು ಸುಲಭ. ನಾನು ಹೋಗಿ ನಂಜನಗೂಡಿಗೆ ಕರೆದುಕೊಂಡು ಬಂದೆ. ಎರಡನೆಯದಕ್ಕೆ ನನ್ನ ಹೆಂಡತಿ ಮಂಗಳಾ ಪೊರಕೆಯನ್ನು ಬಚ್ಚಲುಮನೆಯ ಹಂಡೆಯ ಹಿಂದೆ ಬಚ್ಚಿಟ್ಟಳು. ಅತ್ತೆ ಹಜಾರದ ಕುರ್ಚಿಯ ತುದಿಯಲ್ಲಿ, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತವರ ಹಾಗೆ, ಬ್ಯಾಗು ಪಕ್ಕದಲ್ಲೇ ಇಟ್ಟುಕೊಂಡು ಕೂತರು. ಕೆಲವು ದಿನ ಕಳೆದ ಮೇಲೆ ಹೇಳಿಯೇಬಿಟ್ಟರು:

"ಕೂತ್ಕಂಡು ಉಣ್ಣಾಕೆ ನಾನೇನು ನೆಂಟ್ರವಳಾ? ಬಸ್ ಅತ್ತಿಸ್ಬುಡು ಮಗ, ಓಯ್ತೀನಿ."

ಹೋಗುವುದೆಂದರೆ ಮತ್ತೆ ಆ ತೌಡಿನ ಧೂಳಿಗೇ. ಅಲ್ಲಿ ಇನ್ನೊಂದು ಬೇಸಿಗೆ ಅವರು ಕಳೆಯಲಾರರು ಎಂಬ ಭಯ ನನಗಿತ್ತು. ಅವರು ನಮ್ಮಲ್ಲಿ ಉಳಿಯಬೇಕಾದರೆ ಅವರಿಗೆ ಗುಡಿಸಲು ಕೊಡಬೇಕು, ಆದರೆ ಧೂಳು ಏಳಬಾರದು. ಇದಕ್ಕೆ ಯಂತ್ರವೊಂದೇ ದಾರಿ ಎಂದು ನಾನು ಘೋಷಿಸಿದೆ. ಮಂಗಳಾ ತಲೆಯ ಮೇಲೆ ಕೈಹೊತ್ತು ಕೂತಳು. ಯಂತ್ರ ಬರುವುದಕ್ಕಲ್ಲ, ಅದನ್ನು ನಾನು ಆರಿಸುತ್ತೇನಲ್ಲ, ಅದಕ್ಕೆ.

ಯಾಕೆಂದರೆ ನಾನು ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ವಿಭಾಗದವನು. ಹಗಲೆಲ್ಲ ಮಾಲನ್ನು ಪಾಸು, ಫೇಲು ಮಾಡಿ ಬರುವ ಮನುಷ್ಯ ಮನೆಗೆ ಬಂದ ಮೇಲೆ ಸುಮ್ಮನಿರುತ್ತಾನೆಯೇ? ತೆಂಗಿನಕಾಯಿಯನ್ನೂ ಮೂರು ಅಂಗಡಿಯಲ್ಲಿ ತಟ್ಟಿ ನೋಡದೆ ತಂದವನಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಹೀರುವ ಶಕ್ತಿ, ಚೀಲ ಇರುವುದು, ಚೀಲ ಇಲ್ಲದ್ದು, ಫಿಲ್ಟರು, ವೈರಿನ ಉದ್ದ, ಸದ್ದಿನ ಡೆಸಿಬೆಲ್ ಎಲ್ಲ ಬಾಯಿಪಾಠ ಮಾಡಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ದೇವನೂರಿನವರೊಬ್ಬರು ತಮ್ಮ ಸ್ಟಾಪಿಗಿಂತ ಮುಂಚೆಯೇ ಇಳಿದುಹೋದರು.

ಆಮೇಲೆ ಅಂಗಡಿ. ಒಂದು ಪೊಟ್ಟಣದಲ್ಲಿ ರಾಗಿಹಿಟ್ಟು, ಇನ್ನೊಂದರಲ್ಲಿ ಕಟಿಂಗ್ ಶಾಪಿನಿಂದ ಬೇಡಿ ತಂದ ಕೂದಲು. ಎರಡನ್ನೂ ನೆಲಕ್ಕೆ ಉದುರಿಸಿ "ಹೂಂ, ಹೀರಿಸಿ" ಅಂದೆ. ಅಂಗಡಿಯವರು ಕೂದಲನ್ನೂ ನನ್ನನ್ನೂ ನೋಡಿ, "ಗ್ರೈಂಡರ್ ತಗೊಳೋರು ಅಕ್ಕಿ ನೆನೆಸ್ಕೊಂಡು ಬರ್ತಾರೆ ಸಾ, ನೋಡಿದ್ದೀನಿ. ಇದು ಇದೇ ಮೊದ್ಲು" ಅಂದರು.

ಕಂಪನಿಗಳ ಹೆಸರು ಹೇಳಿ ಯಾರ ಬಾಯಿಗೂ ಬೀಳುವುದು ಬೇಡ, ಬಣ್ಣದಿಂದಲೇ ಹೇಳುತ್ತೇನೆ. ಬಿಳಿಯದು ರೊಟ್ಟಿಯಷ್ಟು ಅಗಲದ ರೋಬೋ. ತಾನೇ ಓಡಾಡಿ ಗುಡಿಸುತ್ತದೆ. ಅದನ್ನು ಒಂದು ದಿನದ ಮಟ್ಟಿಗೆ ಮನೆಗೆ ತಂದು ಬಿಟ್ಟೆ. ಅತ್ತೆ ಕಾಲು ಮೇಲೆತ್ತಿಕೊಂಡು ಅದನ್ನೇ ನೋಡುತ್ತಿದ್ದು, "ಇದೇ ಎಲ್ಲ ಗುಡಿಸೋದಾದ್ರೆ ನಾನ್ಯಾಕ್ಲಾ ಇಲ್ಲಿ?" ಎಂದು ಬ್ಯಾಗಿನ ಜಿಪ್ಪು ಎಳೆದರು. ಬಿಳಿಯದು ಅದೇ ಸಂಜೆ ಅಂಗಡಿಗೆ ಮರಳಿತು. ನೀಲಿಯದು ವೈರಿಲ್ಲದ ಕೋಲಿನಂಥದ್ದು, ನೋಡಲು ಲಕ್ಷಣವಾಗಿತ್ತು. ಆದರೆ ಗುಡಿಸುವಷ್ಟು ಹೊತ್ತೂ ಗುಂಡಿ ಅದುಮಿ ಹಿಡಿದೇ ಇರಬೇಕು, ಅತ್ತೆಯ ಮಣಿಕಟ್ಟು ಅದಕ್ಕೆ ತಾಳದು. ಮೂಲೆಯಲ್ಲಿ ಹಾಲಿನ ಕ್ಯಾನಿನಂಥ ಬೂದು ಡ್ರಮ್ಮೊಂದಿತ್ತು. ಅಂಗಡಿಯವರು ಆನ್ ಮಾಡಿ ತೋರಿಸಿದರು. ಅದರ ಅಬ್ಬರಕ್ಕೆ ಎದುರಿನ ಬೇಕರಿಯವರು ಹೊರಗೆ ಬಂದು ಇಣುಕಿದರು. ಕಿವಿ ಮುಚ್ಚಿಕೊಂಡು, ಫೇಲು ಅಂದೆ. ಕೊನೆಗೆ ಕೆಂಪು. ಕೂದಲು ಎತ್ತಿತು, ಹಿಟ್ಟು ಎತ್ತಿತು, ಸದ್ದಂತೂ ಬೆಕ್ಕಿನ ಗೊರಕೆಯಷ್ಟೇ. ನೂರಕ್ಕೆ ನೂರು.

ಹೊಸ ವಸ್ತು ಮನೆಗೆ ಬಂದ ಮೇಲೆ ಪೂಜೆ ಮಾಡದೆ ಬಳಸುವುದುಂಟೇ? ಮಂಗಳಾ ಹೂವು ಮುಡಿಸಿದಳು. ಮನೆಯ ಯಜಮಾನನಾದ ನಾನು ವಿಭೂತಿ ಗಟ್ಟಿ ಹಿಡಿದು ಮೂರು ಪಟ್ಟೆ ಎಳೆಯಲು ಜಾಗ ಹುಡುಕಿದೆ. ಯಂತ್ರವೆಲ್ಲ ಉಬ್ಬುತಗ್ಗು, ಹಣೆಯ ಹಾಗೆ ಅಗಲವಾಗಿ, ಸಮನಾಗಿ ಇದ್ದದ್ದು ಒಂದೇ ಒಂದು ಜಾಗ. ಅಲ್ಲಿ ಲಕ್ಷಣವಾಗಿ ಎಳೆದೆ. ಕೈಮುಗಿದೆವು. ಆಮೇಲೆ ನಾನು ಹಿಂದೆ ಸರಿದು, ಉದ್ಘಾಟನೆಗೆ ಕರೆಯುವ ಗತ್ತಿನಲ್ಲಿ, "ಹೂಂ ಅತ್ತೆ, ಈಗ ಅದನ್ನ ತುಳೀರಿ" ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು.

"ಯಾವುದ್ನ?"

"ಅದೇ, ವಿಭೂತಿ ಹಚ್ಚಿದ್ದೀನಲ್ಲ, ಅದೇ ಸ್ವಿಚ್ಚು. ಕಾಲಲ್ಲಿ ಒತ್ತೋದು."

"ಬುದ್ಧಿ ನೆಟ್ಟಗಿದ್ದದಾ ನಿಂಗೆ? ಮೊದ್ಲೇ ಪರಕೆ ಜಾತಿದು, ಲಕ್ಷ್ಮಿ. ಅದ್ರ ಮ್ಯಾಲೆ ಈಬತ್ತಿ ಬ್ಯಾರೆ ಇಟ್ಟಿದ್ದೀಯ. ತುಳಿ ಅಂತೀಯ!"

ನಾನು ಒದ್ದೆ ಬಟ್ಟೆ ತಂದೆ. "ಒರಸ್ಬುಟ್ರೆ ಇಟ್ಟಿದ್ದು ಓಯ್ತದಾ?" ಅಂದರು. ಒಂದು ಕೋಲು ತಂದು ಅದರಿಂದ ಒತ್ತಿ ತೋರಿಸಿದೆ. "ತುಳೀಬ್ಯಾಡ ಅಂದ್ರೆ ಕೋಲಲ್ಲಿ ಒಡಿ ಅಂತೀಯಲ್ಲಪ್ಪ" ಅಂದರು. ಗೋಡೆಯ ಸ್ವಿಚ್ಚಿನಿಂದಲೇ ಆನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಹಜಾರದ ಪ್ಲಗ್ಗು ಸೋಫಾದ ಹಿಂದೆ, ನೆಲದಿಂದ ಒಂದು ಗೇಣು ಮೇಲಿದೆ. ಅಲ್ಲಿಡಿಸಿದ ಬುದ್ಧಿವಂತನೂ ನಾನೇ.

ಹಾಗಾಗಿ ಅತ್ತೆ ಬಗ್ಗಿ ಕೈಯಿಂದಲೇ ಒತ್ತಿದರು. ಗುಡಿಸಿದರು, ಖುಷಿಯೂ ಪಟ್ಟರು. ಆದರೆ ಮೂಲೆ ಮೂಲೆಗೂ ನಿಲ್ಲಿಸಿ ನೋಡುವ ಅಭ್ಯಾಸ ಅವರದು. ನಿಲ್ಲಿಸಲು ಬಗ್ಗಬೇಕು, ಹೊರಡಿಸಲು ಬಗ್ಗಬೇಕು. ಬಗ್ಗಿದಾಗಲೆಲ್ಲ ಉಬ್ಬಸ ಏಳುತ್ತಿತ್ತು. ಧೂಳಿನಿಂದ ಬಾರದ ಉಬ್ಬಸವನ್ನು ನನ್ನ ನೂರಕ್ಕೆ ನೂರು ಎಬ್ಬಿಸಿತು. ಒಂದು ಬೆಳಿಗ್ಗೆ ಗೋಡೆ ಹಿಡಿದು ಕೂತವರು, "ಆಗಾಕಿಲ್ಲ ಮಗ, ನಮ್ಮೂರ್ಗೆ ಬುಟ್ಬುಡು" ಅಂದರು. ಈ ಸಲ ನಾನೇ ಬ್ಯಾಗು ಎತ್ತಿಕೊಂಡು ಆಟೋ ಹತ್ತಿಸಿದೆ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಕಾರು ತೊಳೆಯುವ ಶೆಡ್ಡಿದೆ. ಅದರ ಮುಂದೆ ಆಟೋ ನಿಧಾನವಾದಾಗ ಗುರ್ರೆಂದು ಸದ್ದು ಬಂತು. ನಾನು ಫೇಲು ಮಾಡಿದ್ದ ಡ್ರಮ್ಮಿನಂಥದ್ದೇ. ಅತ್ತೆ ಕತ್ತು ಹೊರಗೆ ಹಾಕಿದರು.

"ಅದೇನ್ಲಾ, ಅದೂ ಗುಡಿಸೋದೇಯಾ?"

"ಅದು ಕಾರಿಗೆ, ಅತ್ತೆ. ಸದ್ದು ಜಾಸ್ತಿ."

ಅಷ್ಟರಲ್ಲಿ ಅಲ್ಲಿ ಕಾರು ಗುಡಿಸುತ್ತಿದ್ದ ಮನುಷ್ಯ ನಿಂತ ಹಾಗೇ ಕೈ ಚಾಚಿ ಡ್ರಮ್ಮಿನ ತಲೆಯ ಮೇಲೆ ಏನೋ ಮಾಡಿದ, ಸದ್ದು ನಿಂತಿತು. ಸ್ವಿಚ್ಚು ಅಲ್ಲಿತ್ತು, ಸೊಂಟದ ಹತ್ತಿರ, ಕೈಗೆ ಸಿಗುವ ಹಾಗೆ. ಇಷ್ಟೆಲ್ಲ ತೂಗಿ ಅಳೆದವನು ಸ್ವಿಚ್ಚು ಒತ್ತಲು ಬಗ್ಗಬೇಕೇ ಅಂತ ಒಂದು ಯಂತ್ರದಲ್ಲೂ ನೋಡಿರಲಿಲ್ಲ. "ಆಟೋ ತಿರುಗಿಸಪ್ಪ" ಅಂದೆ.

ಡ್ರಮ್ಮು ಕೊಂಡೆ. ಕೆಂಪು ಯಂತ್ರವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. "ಪೂಜೆ ಆಗ್ಬಿಟ್ಟದಲ್ಲ ಸಾ, ನಾನೆಂಗೆ ಮಾರ್ಲಿ?" ಎಂದು ಅವರೂ ಸ್ವಿಚ್ಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅದು ಅಟ್ಟ ಸೇರಿತು. ಡ್ರಮ್ಮಿಗೂ ಪೂಜೆಯಾಯಿತು, ವಿಭೂತಿ ಗಟ್ಟಿಯನ್ನು ಮಾತ್ರ ಮಂಗಳಾ ನನ್ನ ಕೈಗೆ ಕೊಡಲಿಲ್ಲ.

ಅತ್ತೆ ಬ್ಯಾಗು ಬಿಚ್ಚಿ ಸೀರೆಗಳನ್ನು ಬೀರುವಿನಲ್ಲಿಟ್ಟರು. ಕೊನೆಯವರೆಗೂ ನಮ್ಮಲ್ಲೇ ಇದ್ದರು. ನಾನು ತಾಂಡ್ಯದಿಂದ ಬರುವ ಹೊತ್ತಿಗೆ, ದೀಪ ಹಚ್ಚುವ ಮುಂಚೆ, ದಿನದ ಎರಡನೆಯ ಗುಡಿಸಾಟ. ಬೀದಿಯ ತಿರುವಿಗೇ ಡ್ರಮ್ಮಿನ ಅಬ್ಬರ ಕೇಳುತ್ತಿತ್ತು. ಅಕ್ಕಪಕ್ಕದವರು ಗೊಣಗಿದರು, ನಾನೂ ಹೊಸದರಲ್ಲಿ ಗೊಣಗಿದೆ. ಬರಬರುತ್ತಾ ಆ ಸದ್ದು ಕೇಳಿದರೆ ಸ್ಕೂಟರಿನ ವೇಗ ತಾನಾಗಿ ಇಳಿಯತೊಡಗಿತು. ಅತ್ತೆ ಚೆನ್ನಾಗಿದ್ದಾರೆ ಎಂದು ಅರ್ಥ. ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಆ ಬೆಳಿಗ್ಗೆಯೂ ಹಜಾರ ಗುಡಿಸಿದ್ದರು. ಆಮೇಲೆ ದಿನವೂ ಡ್ರಮ್ಮು ಎಳೆದದ್ದು ನಾನು. ಅದೂ ನಿನ್ನೆಗೆ ನಿಂತಿತು.

ಈಗ ಎತ್ತಿದ ಕಾಲಿನ ವಿಷಯಕ್ಕೆ ಬರೋಣ. ಮಂಗಳಾ ಅಡುಗೆಮನೆಯಿಂದ ಇಣುಕಿ, "ಒತ್ತೀಂದ್ರೆ. ಅತ್ತೆ ನೋಡ್ತಾರಾ?" ಅಂದಳು. ಅಂದವಳು ತಕ್ಷಣ ಒಳಕ್ಕೆ ಹೋದಳು, ಮೂಗೆಳೆದುಕೊಂಡದ್ದು ಕೇಳಿಸಿತು. ನಾನು ಕಾಲು ಇಳಿಸಿದೆ. ಬಗ್ಗಿದೆ. ಮೊಣಕಾಲು ಲಟಕ್ಕೆಂದಿತು, ಹೊಟ್ಟೆ ಅಡ್ಡ ಬಂತು, ಉಸಿರು ಹಿಡಿಯಿತು. ಕೈಯಿಂದ ಸ್ವಿಚ್ಚು ಒತ್ತಿ ಎದ್ದಾಗ ಆ ಕೈ ತನ್ನಷ್ಟಕ್ಕೆ ಕಣ್ಣಿಗೆ ಹೋಗಿತ್ತು.

ಕೆಂಪು ಯಂತ್ರ ಹೊರಟಿತು. ನಾನೇ ಪೂರ್ತಿ ಅಂಕ ಕೊಟ್ಟದ್ದಲ್ಲವೇ, ಸದ್ದೇ ಇಲ್ಲ. ಮನೆಯೆಲ್ಲ ಎಷ್ಟು ಸುಮ್ಮನಿತ್ತೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮತ್ತೆ ಬಗ್ಗಿ ಆಫ್ ಮಾಡಿದೆ. ಡ್ರಮ್ಮನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ರಿಪೇರಿ ಅಂಗಡಿಗೆ ಹೋದೆ.

ರಿಪೇರಿಯವನು ಮುಚ್ಚಳ ಬಿಚ್ಚಿ ನೋಡಿ, "ಮೋಟ್ರು ಓಗ್ಯದೆ ಸಾ. ಬ್ಯಾರೆ ಹಾಕ್ತೀನಿ. ಈಗ ಸೌಂಡ್ ಕಮ್ಮಿ ಇರೋ ಮೋಟ್ರು ಬಂದದೆ, ಅದನ್ನೇ ಹಾಕ್ಲಾ?" ಎಂದು ಕೇಳಿದ.

"ಬ್ಯಾಡ ಕಣಪ್ಪ," ಅಂದೆ. "ಮೊದ್ಲು ಎಷ್ಟು ಸದ್ದು ಮಾಡ್ತಿತ್ತೋ ಅಷ್ಟೇ ಇರ್ಲಿ."